ಬಾಲವಾಡಿ ಬಿಟ್ಟ ಮೇಲೆ

ಕೊಟ್ರಮ್ಮ ಆ ಮನೆಗೆ ಹೋದದ್ದು ಮಕ್ಕಳ ಹೆಸರು ಬರೆದುಕೊಳ್ಳುವುದಕ್ಕೆ. 1976ರ ಜುಲೈ ತಿಂಗಳು. ಸಾಸ್ವೆಹಳ್ಳಿಯಿಂದ ಮೂರು ಮೈಲಿ ಒಳಗಿದ್ದ ಬಸವನಕೇರಿ ಎಂಬ ಊರಿನಲ್ಲಿ ಮಹಿಳಾ ಮಂಡಳಿಯವರು ಬಾಲವಾಡಿ ತೆರೆಯುವವರಿದ್ದರು. ಇನ್ನೂ ಶಾಲೆಗೆ ಹೋಗುವ ವಯಸ್ಸಾಗದ ಮಕ್ಕಳನ್ನು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ ಒಂದೆಡೆ ಕೂಡಿಸಿ ಆಡಿಸುವುದು, ಹಾಡು ಹೇಳಿಕೊಡುವುದು, ಒಂದು ಹೊತ್ತು ಉಪ್ಪಿಟ್ಟು ಕೊಡುವುದು, ಇಷ್ಟು ಅದರ ಕೆಲಸ. ಟೀಚರಾಗಿ ಬಂದ ಕೊಟ್ರಮ್ಮ ಜಗಳೂರಿನ ಕಡೆಯವಳು. ಇಪ್ಪತ್ತಮೂರು ವರ್ಷ. ತರಬೇತಿ ಮುಗಿಸಿ ತಿಂಗಳೂ ಆಗಿರಲಿಲ್ಲ.

ಕೆಳಗಿನ ಕೇರಿಯಲ್ಲಿ ಬಾಗಿಲುಗಳೆಲ್ಲ ಮುಂದೆ ಮಾಡಿದ್ದವು. ದೊಡ್ಡವರು ಗದ್ದೆಗೆ ಹೋಗಿದ್ದರು. ಮೂರನೆಯ ಮನೆಯ ಜಗುಲಿಯ ಮೇಲೆ ಓಬವ್ವ ಎಂಬ ಮುದುಕಿ ಕುಳಿತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆಯೇ ಎಂದು ಕೇಳಿದ್ದಕ್ಕೆ ಮುದುಕಿ ಒಳಗಡೆ ಕೈ ತೋರಿಸಿದಳು.

ಕೊಟ್ರಮ್ಮ ಬಾಗಿಲು ತಳ್ಳಿದಳು. ಹೊರಗಿನ ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣಲಿಲ್ಲ. ಆಮೇಲೆ ಪಡಸಾಲೆಯ ಕಂಬ ಕಂಡಿತು. ಕಂಬದ ಬುಡದಲ್ಲಿ ಮೂರೂವರೆ ವರ್ಷದ ಒಂದು ಹೆಣ್ಣುಮಗು ಕುಳಿತಿತ್ತು. ಅದರ ಎಡ ಕಣಕಾಲಿಗೆ ಹಳೆಯ ಸೀರೆಯ ಹೊಸೆದ ತುಂಡನ್ನು ಸುತ್ತಿ, ಇನ್ನೊಂದು ತುದಿಯನ್ನು ಕಂಬಕ್ಕೆ ಬಿಗಿದಿದ್ದರು. ಕೈಗೆಟಕುವಷ್ಟು ದೂರದಲ್ಲಿ ಒಂದು ತಟ್ಟೆಯಲ್ಲಿ ಅರ್ಧ ಮುದ್ದೆ, ಒಂದು ಚೊಂಬು ನೀರು. ಮಗು ಅಳುತ್ತಿರಲಿಲ್ಲ. ಬಂದವಳನ್ನು ನೋಡುತ್ತಿತ್ತು, ಅಷ್ಟೇ.

ಕೊಟ್ರಮ್ಮನ ಕೈಯಲ್ಲಿದ್ದ ರಿಜಿಸ್ಟರು ನೆಲಕ್ಕೆ ಬಿತ್ತು. ಯಾರೋ ಮಲತಾಯಿಯ ಕೆಲಸ ಇದು ಎಂದು ಅವಳಿಗೆ ಮೊದಲು ಹೊಳೆಯಿತು. ಬಗ್ಗಿ ಗಂಟಿಗೆ ಕೈ ಹಾಕಿದಳು. ಬಳೆಯ ಸದ್ದು ಕೇಳಿದ ಮುದುಕಿ ಹೊರಗಿನಿಂದಲೇ ಅಂದಳು:

"ಗಂಟು ಬಿಚ್ಚಬ್ಯಾಡ್ರಿ ತಾಯಿ. ಬಿಚ್ಚಿದ್ರೆ ಹಿಡಿಯಾಕೆ ನನಗೆ ಕಣ್ಣಿಲ್ಲ."

ಕೊಟ್ರಮ್ಮ ಗಂಟು ಬಿಚ್ಚಲಿಲ್ಲ. ರಿಜಿಸ್ಟರು ಎತ್ತಿಕೊಂಡು ಮುಂದಿನ ಮನೆಗೆ ಹೋದಳು. ಆ ಕೇರಿಯ ಹನ್ನೊಂದು ಮನೆಗಳಲ್ಲಿ ಅವಳು ಅಂದು ಕಟ್ಟಿಹಾಕಿದ್ದ ನಾಲ್ಕು ಮಕ್ಕಳನ್ನು ಕಂಡಳು. ಒಂದನ್ನು ಬೀಸುಕಲ್ಲಿಗೆ, ಒಂದನ್ನು ತೊಟ್ಟಿಲ ಹಗ್ಗಕ್ಕೆ, ಒಂದನ್ನು ಕಿಟಕಿಯ ಸರಳಿಗೆ ಕಟ್ಟಿದ್ದರು. ನಾಲ್ಕನೆಯದು ಓಬವ್ವನ ಮೊಮ್ಮಗಳು.

ಅವಳು ನೇರವಾಗಿ ಮಂಡಳಿಯ ಅಧ್ಯಕ್ಷೆ ಶಂಕ್ರಮ್ಮನ ಮನೆಗೆ ಹೋದಳು. ಶಂಕ್ರಮ್ಮ ಐವತ್ತು ದಾಟಿದ, ಊರಿಗೆಲ್ಲ ಬೇಕಾದ ಹೆಂಗಸು. ಕೊಟ್ರಮ್ಮ ಹೇಳಿದ್ದನ್ನು ಕೇಳಿ ಆಕೆಗೆ ಆಶ್ಚರ್ಯವೇನೂ ಆಗಲಿಲ್ಲ. ಭದ್ರಾ ನಾಲೆ ಆ ಕೇರಿಯ ಹಿತ್ತಲಿನಿಂದ ಐವತ್ತು ಹೆಜ್ಜೆ ದೂರದಲ್ಲಿ ಹರಿಯುತ್ತದೆ ಎಂದು ತಿಳಿಸಿದಳು. ನಾಲೆ ಬಂದ ಮೇಲೆ ಊರಿಗೆ ಎರಡು ಬೆಳೆ ಭತ್ತ ಬಂತು, ನಾಟಿ ಬಂತು, ನಾಟಿಗೆ ಹೆಂಗಸರೆಲ್ಲ ಹೊತ್ತು ಮೂಡುವ ಮೊದಲೇ ಹೋಗುವುದೂ ಬಂತು. ಮನೆಯಲ್ಲಿ ಉಳಿದ ಮಕ್ಕಳು ನೀರು ನೋಡಲು ಹೋದವು. ಹತ್ತು ವರ್ಷದಲ್ಲಿ ಐದು ಮಕ್ಕಳು ನೀರುಪಾಲಾಗಿದ್ದವು. ಕೊನೆಯದು ಓಬವ್ವನ ಮೊಮ್ಮಗ, ಐದು ವರ್ಷದ ಓಂಕಾರಿ. ಇವತ್ತು ಕೊಟ್ರಮ್ಮ ನೋಡಿದ ಹುಡುಗಿ ಅವನ ತಂಗಿ, ಕೊಲ್ಲಾಪುರಿ.

"ಕಟ್ಟಿದ್ದಕ್ಕೆ ಉಳಿದಾವೆ ಟೀಚ್ರಮ್ಮ," ಎಂದಳು ಶಂಕ್ರಮ್ಮ. "ಕಟ್ಟದೆ ಇದ್ದಿದ್ರೆ ಬರಕೊಳ್ಳಾಕೆ ನಿಮಗೆ ಹೆಸರೇ ಸಿಗ್ತಿರಲಿಲ್ಲ."

ಕೊಟ್ರಮ್ಮನ ಊರಿನಲ್ಲಿ ನೀರೆಂದರೆ ಬಾವಿಯ ತಳದಲ್ಲಿ ಹೊಳೆಯುವ ಒಂದು ಬಿಲ್ಲೆ. ಮಕ್ಕಳು ಕುರಿಯ ಹಿಂದೆ ದಿನವೆಲ್ಲ ಅಲೆದು ಸಂಜೆ ತಾವಾಗಿ ಮನೆ ಸೇರುತ್ತಿದ್ದವು. ಮನೆಯ ಹಿಂದೆಯೇ ಸಾವು ಹರಿಯುವ ಊರನ್ನು ಅವಳು ನೋಡಿರಲಿಲ್ಲ.

ಮರುದಿನ ಸಂಜೆ ಅವಳು ಕೊಲ್ಲಾಪುರಿಯ ತಾಯಿ ಅಂತರಘಟ್ಟಮ್ಮನನ್ನು ಕಂಡಳು. ಗದ್ದೆಯಿಂದ ಬಂದು ಕಾಲು ತೊಳೆಯುತ್ತಿದ್ದ ಅಂತರಘಟ್ಟಮ್ಮ ತೆಳ್ಳಗಿನ, ಹೆಚ್ಚು ಮಾತಿಲ್ಲದ ಹೆಂಗಸು. ಗಂಡ ಸಣ್ಣಪ್ಪ ಚನ್ನಗಿರಿಯ ಕಡೆ ಕೂಲಿಗೆ ಹೋದರೆ ಬರುವುದು ಹದಿನೈದು ದಿನಕ್ಕೊಮ್ಮೆ. ಮಗುವನ್ನು ಬಾಲವಾಡಿಗೆ ಕಳಿಸು ಎಂದು ಕೊಟ್ರಮ್ಮ ಕೇಳಿಕೊಂಡಳು. ಅಂತರಘಟ್ಟಮ್ಮ ಒಂದು ವಾರ ಹೂಂ ಅನ್ನಲಿಲ್ಲ. ಎಂಟನೆಯ ದಿನ ತಾನೇ ಬಂದು, ಮಗುವನ್ನು ಹತ್ತು ಗಂಟೆಗೆ ಓಬವ್ವ ಕೈ ಬಿಡದೆ ಹಿಡಿದು ಕರೆತರುತ್ತಾಳೆ, ಒಂದು ಗಂಟೆಗೆ ಕರೆದೊಯ್ಯುತ್ತಾಳೆ, ನಡುವೆ ಒಂದು ಕ್ಷಣವೂ ಕಣ್ಣು ತಪ್ಪಿಸಬಾರದು ಎಂದಳು. ಕೊಟ್ರಮ್ಮ ಮಾತು ಕೊಟ್ಟಳು.

ಶಂಕ್ರಮ್ಮನ ಮನೆಯ ಹಿಂದಿನ, ಮೊದಲು ಭತ್ತ ತುಂಬುತ್ತಿದ್ದ ಕೊಠಡಿಯೇ ಬಾಲವಾಡಿಯಾಯಿತು. ಇಪ್ಪತ್ತೆರಡು ಮಕ್ಕಳು ಸೇರಿದವು. ಮೇಲಿನ ಕೇರಿಯ ಮೂರು ಮಕ್ಕಳು ಮೊದಲ ವಾರ ಬಂದು ನಿಂತುಹೋದವು. ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಕೊಟ್ರಮ್ಮ ಕೇಳಲೂ ಇಲ್ಲ. ಉಳಿದವರ ಜೊತೆ ಅವಳು ಕೆರೆಯ ಜೇಡಿಮಣ್ಣಿನಲ್ಲಿ ಎತ್ತು ಮಾಡಿದಳು, ಹುಣಸೆ ಬೀಜ ಎಣಿಸಿದಳು, ಚಿಂದಿ ಬಟ್ಟೆಯ ಚೆಂಡು ಹೊಲಿದಳು.

ಎರಡನೆಯ ದಿನವೇ ಅವಳು ಕೊಲ್ಲಾಪುರಿಯನ್ನು ಗಮನಿಸಿದಳು. ಮಗು ಕೂರಿಸಿದಲ್ಲಿ ಕುಳಿತಿರುತ್ತಿತ್ತು. ಎದ್ದರೆ, ಕೂತ ಜಾಗದ ಸುತ್ತಲೇ ಎರಡು ಮೊಳದಷ್ಟು ದೂರದಲ್ಲಿ ದುಂಡಗೆ ಸುತ್ತುತ್ತಿತ್ತು. ಒಮ್ಮೆ ಚಿಂದಿ ಚೆಂಡು ಅದರ ಮುಂದೆ ಉರುಳಿ ಆಚೆ ಹೋಯಿತು. ಕೊಲ್ಲಾಪುರಿ ನಗುತ್ತಾ ಅದರ ಹಿಂದೆ ಎರಡು ಹೆಜ್ಜೆ ಓಡಿತು. ಮೂರನೆಯದಕ್ಕೆ ಎಡಗಾಲು ಹಿಂದಿನಿಂದ ಯಾರೋ ಎಳೆದ ಹಾಗೆ ನಿಂತುಬಿಟ್ಟಿತು. ಚೆಂಡು ಒಂದು ಮಾರು ಆಚೆ ಬಿದ್ದಿತ್ತು. ಮಗು ಕೈ ಚಾಚಿತು, ಎಟುಕಲಿಲ್ಲ, ಹಿಂದಿರುಗಿ ಬಂದು ಕುಳಿತುಕೊಂಡಿತು. ಅದರ ಕಾಲಿಗೆ ಏನೂ ಕಟ್ಟಿರಲಿಲ್ಲ.

ಕೊಟ್ರಮ್ಮ ಉಪ್ಪಿಟ್ಟಿನ ಸೌಟು ಹಿಡಿದು ನಿಂತೇ ಇದ್ದಳು. ತರಬೇತಿಯಲ್ಲಿ ಹಾಡು ಕಲಿಸಿದ್ದರು, ಗೊಂಬೆ ಮಾಡುವುದನ್ನು ಕಲಿಸಿದ್ದರು, ಮಕ್ಕಳ ತೂಕ ನೋಡುವುದನ್ನು ಕಲಿಸಿದ್ದರು. ಇದಕ್ಕೇನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಅವಳು ತನಗೆ ತೋಚಿದ್ದನ್ನು ಮಾಡಿದಳು. ಮಗುವಿನ ಪಕ್ಕದಲ್ಲೇ ಕುಳಿತು ಆಡಿಸತೊಡಗಿದಳು. ದಿನಕ್ಕೆ ಒಂದು ಗೇಣಿನಷ್ಟು ತಾನು ದೂರ ಸರಿದಳು. ಮಗು ಕೆಲವೊಮ್ಮೆ ಬರುತ್ತಿತ್ತು, ಕೆಲವೊಮ್ಮೆ ಇಲ್ಲ. ದೀಪಾವಳಿಯ ಹೊತ್ತಿಗೆ ಅದು ಬಾಗಿಲವರೆಗೆ ಬಂತು. ಸಂಕ್ರಾಂತಿ ಕಳೆಯುವಾಗ ಬೇರೆ ಮಕ್ಕಳ ಅಂಗಿಯ ತುದಿ ಹಿಡಿದು ರೈಲಿನ ಆಟಕ್ಕೂ ಸೇರಿತು. ಹೊನ್ನಾಳಿಯಿಂದ ಬಂದಿದ್ದ ಮೇಲ್ವಿಚಾರಕಿ ಮೆಚ್ಚಿಕೊಂಡು ಹೋದರು. ಕೊಟ್ರಮ್ಮ ಆ ತಿಂಗಳ ವರದಿಯಲ್ಲಿ, ಈಗ ಈ ಊರಿನಲ್ಲಿ ಯಾವ ಮಗುವನ್ನೂ ಕಟ್ಟಿಹಾಕುವುದಿಲ್ಲ ಎಂದು ಬರೆದಳು. ಬರೆಯುವಾಗ ಅವಳಿಗೆ ತನ್ನ ಬಗ್ಗೆ ಹೆಮ್ಮೆಯೇ ಆಗಿತ್ತು. ಕೊಲ್ಲಾಪುರಿಯ ಮನೆಗೆ ಎರಡು ಸಲ ಹೋಗಿ ಪಡಸಾಲೆಯ ಕಂಬವನ್ನು ನೋಡಿಯೂ ಬಂದಿದ್ದಳು. ಅಲ್ಲಿ ಏನೂ ಇರಲಿಲ್ಲ.

ಫೆಬ್ರವರಿಯಲ್ಲಿ ಬೇಸಿಗೆ ಬೆಳೆಯ ನಾಟಿ ನಡೆದಿತ್ತು. ಒಂದು ಮಂಗಳವಾರ ಬಾಲವಾಡಿ ಬಿಡುವ ಹೊತ್ತಿಗೆ ಒಂದು ಮಗು ಮೂಗಿನೊಳಗೆ ಹುಣಸೆ ಬೀಜ ತುರುಕಿಕೊಂಡಿತು. ಕೊಟ್ರಮ್ಮ ಅದನ್ನು ಬೆಳಕಿಗೆ ಕರೆದೊಯ್ದು, ಸೀನಿಸಿ, ಬೀಜ ಹೊರಗೆ ತೆಗೆಯುವುದರಲ್ಲಿ ಹತ್ತು ನಿಮಿಷ ಕಳೆಯಿತು. ತಿರುಗಿ ನೋಡಿದರೆ ಕರೆದೊಯ್ಯುವವರು ಬಂದು ಮಕ್ಕಳನ್ನು ಕರೆದೊಯ್ದಿದ್ದರು. ಓಬವ್ವ ಬಂದದ್ದನ್ನು ಅವಳು ನೋಡಿರಲಿಲ್ಲ. ಕೊಲ್ಲಾಪುರಿಯೂ ಇರಲಿಲ್ಲ.

ಮುದುಕಿ ಬಂದು ಹೋಗಿರಬೇಕು ಅಂದುಕೊಂಡಳು. ಆದರೂ ಅವಳ ಮನೆಗೆ ಓಡಿದಳು. ಮನೆಯ ಪಡಸಾಲೆಯಲ್ಲಿ ಓಬವ್ವ ಕಂಬಳಿ ಹೊದ್ದು ಮಲಗಿದ್ದಳು. ಮೈ ಸುಡುತ್ತಿತ್ತು. ಬೆಳಿಗ್ಗೆ ಮಗುವನ್ನು ಪಕ್ಕದ ಮನೆಯವರ ಜೊತೆ ಕಳಿಸಿದ್ದೆ, ಈಗ ಏಳಲು ಆಗಲಿಲ್ಲ, ಮಗು ಬಂದಿಲ್ಲ ಎಂದಳು. ಕೊಟ್ರಮ್ಮ ಕಂಬ ನೋಡಿದಳು, ಅಡುಗೆಮನೆ ನೋಡಿದಳು, ಹೊರಗೆ ಬಂದು ಕೇರಿಯುದ್ದಕ್ಕೂ ಹೆಸರು ಹಿಡಿದು ಕೂಗಿದಳು. ಕೂಗಿದ್ದಕ್ಕೆ ಮೂರು ನಾಯಿಗಳು ಬೊಗಳಿದವು. ಆಮೇಲೆ ಅವಳಿಗೆ ಬೇರೆ ದಾರಿಯೇ ಕಾಣಲಿಲ್ಲ, ನಾಲೆಯ ಕಡೆ ಓಡಿದಳು.

ನಾಲೆ ತುಂಬಿ ಹರಿಯುತ್ತಿತ್ತು. ಏರಿಯ ಮೇಲೆ, ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ಬೆನಕಪ್ಪ ಬುತ್ತಿ ಮುಗಿಸಿ ಕೈ ತೊಳೆಯುತ್ತಿದ್ದ. ಓಂಕಾರಿಯನ್ನು ತೂಬಿನ ಬಾಯಿಂದ ಎತ್ತಿದವನೂ ಅವನೇ. ಕೊಟ್ರಮ್ಮ ಬರುತ್ತಿದ್ದ ರೀತಿ ನೋಡಿಯೇ ಅವನು ಎದ್ದು ನಿಂತ. ಏನನ್ನೂ ನೋಡಲಿಲ್ಲ, ಆದರೆ ಊಟಕ್ಕೆ ಕುಳಿತಾಗ ನೀರಿಗೆ ಬೆನ್ನು ಮಾಡಿದ್ದೆ ಎಂದ. ಅಷ್ಟು ಹೇಳಿ ಗೇಟು ಇಳಿಸಲು ಓಡಿದ. ಗೇಟು ಇಳಿದರೂ ನೀರು ತಗ್ಗಲು ಹೊತ್ತು ಬೇಕು. ಸುದ್ದಿ ಗದ್ದೆಗೆ ಮುಟ್ಟಿತು. ಗಂಡಸರು ನಾಲೆಗೆ ಇಳಿದರು. ಹೆಂಗಸರು ಮೊಣಕಾಲವರೆಗೆ ಮೆತ್ತಿದ ಕೆಸರಿನಲ್ಲೇ, ಕೆಲವರು ಕೈಯಲ್ಲಿ ಸಸಿಯ ಕಟ್ಟು ಹಿಡಿದುಕೊಂಡೇ, ಏರಿಯ ಮೇಲೆ ಬಂದು ನಿಂತರು. ಯಾರೂ ಅಳಲಿಲ್ಲ. ಎಲ್ಲರೂ ನೀರನ್ನು ನೋಡುತ್ತಿದ್ದರು.

ಅಂತರಘಟ್ಟಮ್ಮ ಎಲ್ಲರಿಗಿಂತ ಕೊನೆಗೆ ಬಂದಳು, ದೂರದ ಗದ್ದೆಯಲ್ಲಿದ್ದಳು. ಕೊಟ್ರಮ್ಮ ಅವಳ ಕಾಲು ಹಿಡಿಯಲು ಬಗ್ಗಿದಳು. ಅಂತರಘಟ್ಟಮ್ಮ ಅವಳ ರಟ್ಟೆ ಹಿಡಿದು ನಿಲ್ಲಿಸಿದಳು. ಬೈಯಲಿಲ್ಲ. ನೀರಿನ ಕಡೆ ಒಮ್ಮೆ ನೋಡಿ ಕೇಳಿದಳು:

"ಬಾಲವಾಡಿ ಬಿಟ್ಟ ಮ್ಯಾಲೆ ಹೋತಾ, ಬಿಡೋಕ್ಕಿಂತ ಮುಂಚೆನಾ?"

ಬಿಟ್ಟ ಮೇಲೆ ಎಂದಳು ಕೊಟ್ರಮ್ಮ. ಅಂತರಘಟ್ಟಮ್ಮನ ಮುಖ ಬದಲಾಯಿತು. ಅವಳು ತಿರುಗಿ ಓಡಿದಳು, ನಾಲೆಯ ಉದ್ದಕ್ಕಲ್ಲ, ಮನೆಯ ಕಡೆಗೆ. ಕೊಟ್ರಮ್ಮ ಏನೂ ಅರ್ಥವಾಗದೆ ಅವಳ ಹಿಂದೆ ಓಡಿದಳು. ಅಂತರಘಟ್ಟಮ್ಮ ಮುಂಬಾಗಿಲಿಗೆ ಹೋಗಲಿಲ್ಲ. ಬೇಲಿ ಸರಿಸಿ ಹಿತ್ತಲಿಗೆ ನುಗ್ಗಿ, ಅಲ್ಲಿದ್ದ ದನದ ಕೊಟ್ಟಿಗೆಯ ತಟ್ಟಿಬಾಗಿಲು ತೆಗೆದು, ಅಲ್ಲೇ ನಿಂತುಬಿಟ್ಟಳು. ಕೊಟ್ರಮ್ಮ ಅವಳ ಭುಜದ ಮೇಲಿಂದ ನೋಡಿದಳು.

ಕೊಟ್ಟಿಗೆಯ ಮೂಲೆಯ ಗೂಟದ ಪಕ್ಕದಲ್ಲಿ ಕೊಲ್ಲಾಪುರಿ ಕುಳಿತಿತ್ತು. ಗೂಟಕ್ಕೆ ಬಿಗಿದ ಸೀರೆಯ ತುಂಡಿನ ಕೊನೆಯಲ್ಲಿ ಒಂದು ಕುಣಿಕೆ ಇತ್ತು. ಆ ಕುಣಿಕೆಯೊಳಗೆ ಮಗು ತನ್ನ ಎಡಗಾಲು ತೂರಿಸಿಕೊಂಡು, ಎರಡೂ ಕೈಯಿಂದ ಅದನ್ನು ಕಣಕಾಲಿನವರೆಗೆ ಏರಿಸಿಕೊಂಡು ಕುಳಿತಿತ್ತು. ಕೊಟ್ರಮ್ಮನನ್ನು ಕಂಡದ್ದೇ ಅದು ಗಾಬರಿಯಿಂದ ಲಂಗವನ್ನು ಎಳೆದು ಕಾಲು ಮುಚ್ಚಿಕೊಂಡಿತು. ತಾಯಿಯ ಮುಖ ನೋಡಿ ಹೇಳಿತು:

"ಅವ್ವ, ಟೀಚರ್ ಕೂಗಿದ್ರು. ನಾನು ಸದ್ದು ಮಾಡ್ಲಿಲ್ಲ."

ಅಂತರಘಟ್ಟಮ್ಮ ಬಾಗಿಲ ತಟ್ಟಿಯನ್ನು ಹಿಡಿದುಕೊಂಡಳು, ಹಿಡಿದಂತೆಯೇ ಕೆಳಗೆ ಕುಸಿದಳು. ಕೊಟ್ರಮ್ಮನಿಗೆ ಮಗು ಬದುಕಿದೆ ಎಂಬ ಸಂತೋಷ ಬರಬೇಕಿತ್ತು. ಅದು ಬರುವ ಮೊದಲು ಬೇರೇನೋ ಬಂದು ಎದೆಯ ಮೇಲೆ ಕುಳಿತಿತ್ತು. ಆರು ತಿಂಗಳ ಪ್ರತಿಯೊಂದು ಮಧ್ಯಾಹ್ನವೂ ಈಗ ಅವಳಿಗೆ ಕಾಣುತ್ತಿತ್ತು. ಒಂದು ಗಂಟೆಗೆ ಮುದುಕಿಯ ಕೈ ಹಿಡಿದು ಹೊರಟ ಮಗು, ತನಗೆ ಟಾಟಾ ಮಾಡಿ ಹೋದ ಮಗು, ನೇರವಾಗಿ ಈ ಗೂಟಕ್ಕೆ ಬಂದು ಕತ್ತಲಾಗುವವರೆಗೆ ಕೂರುತ್ತಿತ್ತು. ಭಾನುವಾರ ದಿನವಿಡೀ. ಪಡಸಾಲೆಯಲ್ಲಿ ಕಟ್ಟಿದರೆ ಟೀಚರು ನೋಡುತ್ತಾಳೆ ಎಂದು ಇಲ್ಲಿ ಕಟ್ಟುತ್ತಿದ್ದರು. ಟೀಚರು ಕೂಗಿದರೆ ಸುಮ್ಮನಿರಬೇಕೆಂದು ಕಲಿಸಿದ್ದರು.

"ಇವತ್ತು ನಾವು ಕಟ್ಟಿಲ್ಲ ಟೀಚ್ರಮ್ಮ," ಎಂದಳು ಅಂತರಘಟ್ಟಮ್ಮ. ನೆಲ ನೋಡುತ್ತಾ ಅದನ್ನೇ ಮತ್ತೆ ಹೇಳಿದಳು. "ಇವತ್ತು ಯಾರೂ ಕಟ್ಟಿಲ್ಲ. ತಾನೇ ಬಂದು ಹಾಕ್ಕೊಂಡೈತೆ."

ಕೊಟ್ರಮ್ಮನಿಗೆ ಸಿಟ್ಟು ಬಂತು. ಹೀಗೇಕೆ ಮಾಡಿದೆ, ವರದಿಯಲ್ಲಿ ನನ್ನಿಂದೇಕೆ ಸುಳ್ಳು ಬರೆಸಿದೆ ಎಂದು ಕೇಳಿದಳು. ಆಗ ಅಂತರಘಟ್ಟಮ್ಮ ತಲೆ ಎತ್ತಿದಳು.

"ನಿಮ್ಮ ಬಾಲವಾಡಿ ಒಂದು ಗಂಟೆಗೆ ಬಿಡ್ತೈತೆ. ನನ್ನ ನಾಟಿ ಆರು ಗಂಟೆಗೆ ಬಿಡ್ತೈತೆ. ನಡುವೆ ಐದು ತಾಸು ಯಾರ ಕೈಗೆ ಕೊಡ್ಲಿ, ಹೇಳ್ರಿ. ಒಬ್ಬನ್ನ ನಾಲೆಗೆ ಕೊಟ್ಟೀನಿ."

ಮಗು ಇಬ್ಬರನ್ನೂ ನೋಡುತ್ತಾ ಕುಣಿಕೆಯಿಂದ ಕಾಲು ತೆಗೆಯದೆ ಕುಳಿತೇ ಇತ್ತು. ಅದನ್ನು ಎತ್ತಿಕೊಳ್ಳಲು ತಾಯಿಗೆ ಧೈರ್ಯ ಬರುವುದಕ್ಕೆ ಬಹಳ ಹೊತ್ತು ಹಿಡಿಯಿತು.

ಮರುದಿನ ಬಾಲವಾಡಿ ನಡೆಯಿತು. ಕೊಟ್ರಮ್ಮ ಮೊದಲ ಸಲ ಕೊಠಡಿಯ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿದಳು. ಮಕ್ಕಳನ್ನು ಮತ್ತೆ ಮತ್ತೆ ಎಣಿಸಿದಳು. ಅಂಗಳದ ಆಟ ಬೇಡ ಎಂದಳು. ಕೊಲ್ಲಾಪುರಿ ಮತ್ತೆ ಹಳೆಯಂತಾಗಿತ್ತು, ಕೂತಲ್ಲೇ ಕೂತು, ಎದ್ದರೆ ಎರಡು ಮೊಳದೊಳಗೆ ಸುತ್ತುತ್ತಿತ್ತು. ಉಪ್ಪಿಟ್ಟಿನ ಹೊತ್ತಿಗೆ ಶಂಕ್ರಮ್ಮ ಹಾಲಿನ ಪುಡಿ ಕೊಡಲು ಬಂದು ಬಾಗಿಲು ಬಡಿದಳು. ಕೊಟ್ರಮ್ಮ ಎದ್ದು ಹೋಗಿ ಅಗುಳಿ ತೆಗೆದಳು. ಒಳಗೆ ಕಾಲಿಟ್ಟ ಶಂಕ್ರಮ್ಮ ಅಲ್ಲೇ ನಿಂತಳು.

"ಇದೇನ್ರಿ ಟೀಚ್ರಮ್ಮ, ನೀವೂ ಹಿಂಗೆ ಮಾಡೀರಲ್ಲ," ಎಂದಳು.

ಕೊಟ್ರಮ್ಮ ಕೆಳಗೆ ನೋಡಿದಳು. ಅವಳ ಸೀರೆಯ ಸೆರಗಿನ ತುದಿ ಕೊಲ್ಲಾಪುರಿಯ ಮಣಿಕಟ್ಟಿಗೆ ಸುತ್ತಿ ಗಂಟು ಬಿದ್ದಿತ್ತು. ಬಾಗಿಲವರೆಗೆ ಬಂದ ಅವಳ ಹಿಂದೆ ಮಗುವೂ ಬಂದಿತ್ತು. ಗಂಟು ಹಾಕಿದ್ದು ಯಾವಾಗ ಎಂದು ಅವಳಿಗೆ ನೆನಪೇ ಇರಲಿಲ್ಲ. ಆದರೆ ಅದು ತನ್ನದೇ ಗಂಟು, ಕುರಿಮರಿ ಕಟ್ಟಲು ತಂದೆ ಕಲಿಸಿದ್ದ ಗಂಟು. ಅವಳಿಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿದ್ದು ಮಗುವಿನ ಮುಖ. ಬೆಳಗಿನಿಂದ ಬಿಗಿದುಕೊಂಡಿದ್ದ ಆ ಮುಖ ಈಗ ಸಡಿಲವಾಗಿ, ನೆಮ್ಮದಿಯಿಂದಿತ್ತು.

ಅವಳು ಬಿಚ್ಚಲು ಹೋದಳು. ಎಳೆದಷ್ಟೂ ಗಂಟು ಬಿಗಿಯಾಯಿತು. ಶಂಕ್ರಮ್ಮ ಬಿಚ್ಚಿದಳು.

ಅಂದು ಸಂಜೆ ಕೊಟ್ರಮ್ಮ ಕೆಳಗಿನ ಕೇರಿಗೆ ಹೋದಳು. ಹೆಂಗಸರನ್ನು ಓಬವ್ವನ ಜಗುಲಿಯ ಮುಂದೆ ಕೂಡಿಸಿ, ಆ ಬೆಳಿಗ್ಗೆ ತಾನು ಮಾಡಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ವರದಿಯಲ್ಲಿ ತಾನು ಬರೆದದ್ದನ್ನೂ ಹೇಳಿದಳು. ಒಂದೇ ದಿನದ ಹೆದರಿಕೆಗೆ ನನ್ನ ಕೈ ಹೀಗೆ ಮಾಡಿತು, ನೀವು ವರ್ಷಗಟ್ಟಲೆ ಹೆದರಿದವರು, ನಿಮಗೆ ಬುದ್ಧಿ ಹೇಳಲು ನಾನು ಬಂದಿಲ್ಲ ಎಂದಳು. ಟೀಚರೊಬ್ಬಳು ತಮ್ಮ ಮುಂದೆ ಹೀಗೆ ತಪ್ಪೊಪ್ಪಿಕೊಳ್ಳುವುದನ್ನು ಆ ಹೆಂಗಸರು ಕಂಡಿರಲಿಲ್ಲ. ಕೆಲವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಿಟಕಿಯ ಸರಳಿಗೆ ಮಗನನ್ನು ಕಟ್ಟುತ್ತಿದ್ದವಳು ಎದ್ದು ಹೋಗಿಬಿಟ್ಟಳು, ಸ್ವಲ್ಪ ಹೊತ್ತಾದ ಮೇಲೆ ತಿರುಗಿ ಬಂದು ಕುಳಿತಳು.

ಕೊನೆಗೆ ಬಾಯಿಬಿಟ್ಟವಳು ಅಂತರಘಟ್ಟಮ್ಮ. ನಾಟಿಯ ಗುಂಪಿನಲ್ಲಿ ನಾವು ಹದಿನಾಲ್ಕು ಜನ ಇದ್ದೇವೆ, ದಿನಕ್ಕೊಬ್ಬಳು ಮಕ್ಕಳ ಹತ್ತಿರ ಉಳಿದರೆ ಅವಳ ಸಾಲನ್ನು ಉಳಿದವರು ನೆಟ್ಟು ಮುಗಿಸಲಾಗದೇ ಎಂದು ಕೇಳಿದಳು. ಆಗುತ್ತದೆಯೋ ಇಲ್ಲವೋ ಎಂದು ತುಂಬಾ ಚರ್ಚೆ ನಡೆಯಿತು. ಯಾರ ಕೈ ಬೇಗ, ಯಾರದು ನಿಧಾನ ಎಂಬ ಹಳೆಯ ಜಗಳವೂ ನಡುವೆ ಎದ್ದಿತು. ಗದ್ದೆಯ ಯಜಮಾನ ಮಹೇಶ್ವರಪ್ಪ ಒಪ್ಪಬೇಕಲ್ಲ ಎಂದು ಒಬ್ಬಳೆಂದಳು. ಅವನ ಹತ್ತಿರ ಮಾತಾಡುವುದನ್ನು ಶಂಕ್ರಮ್ಮ ವಹಿಸಿಕೊಂಡಳು. ಅವನು ಮೊದಲು ಗೊಣಗಿದ. ಗದ್ದೆ ಅಷ್ಟೇ ಹೊತ್ತಿಗೆ ಮುಗಿಯುತ್ತದೆ ಎಂದು ಹೆಂಗಸರು ಮೂರು ದಿನ ಮಾಡಿ ತೋರಿಸಿದ ಮೇಲೆ ಸುಮ್ಮನಾದ.

ಹೀಗೆ ಬಾಲವಾಡಿ ಬೆಳಿಗ್ಗೆ ಆರೂವರೆಗೆ ತೆರೆದು ಕತ್ತಲಾಗುವಾಗ ಮುಚ್ಚತೊಡಗಿತು. ಭಾನುವಾರವೂ ನಡೆಯಿತು. ರಿಜಿಸ್ಟರಿನಲ್ಲಿ ಹತ್ತರಿಂದ ಒಂದು ಎಂಬ ಅಚ್ಚಾದ ಸಾಲಿನ ಹೊರಗೆ ಬರೆಯಲು ಜಾಗವಿರಲಿಲ್ಲ, ಕೊಟ್ರಮ್ಮ ಬರೆಯಲೂ ಇಲ್ಲ.

ಅಂತರಘಟ್ಟಮ್ಮನ ಸರದಿ ಐದನೆಯ ದಿನ ಬಂತು. ಅವಳು ಗೋಡೆಗೆ ಒರಗಿ, ಕೈ ಮಡಿಚಿಕೊಂಡು, ಬೇರೆಯವರ ಮನೆಗೆ ಬಂದವಳಂತೆ ಕುಳಿತಳು. ಏನು ಮಾಡಬೇಕು ಎಂದು ಕೇಳಿದಳು. ಮಕ್ಕಳ ಜೊತೆ ಆಡು ಎಂದಳು ಕೊಟ್ರಮ್ಮ. ಅಂತರಘಟ್ಟಮ್ಮನಿಗೆ ಅದು ವಿಚಿತ್ರವಾಗಿ ಕೇಳಿಸಿತು. ತಾನು ಆಡಿದ್ದೇ ಇಲ್ಲ, ನಡೆಯಲು ಬಂದಾಗ ತಂಗಿಯನ್ನು ಎತ್ತಿಕೊಂಡೆ, ತಂಗಿ ನಡೆದಾಗ ಕಳೆ ಕೀಳಲು ಹೋದೆ ಎಂದಳು. ಅಷ್ಟರಲ್ಲಿ ದೊಡ್ಡ ಹುಡುಗಿಯರಿಬ್ಬರು ಅವಳ ಕೈ ಹಿಡಿದೆಳೆದು ಅಂಗಳದಲ್ಲಿ ಗೀಚಿದ್ದ ಕುಂಟಾಬಿಲ್ಲೆಯ ಮನೆಗಳ ಮುಂದೆ ನಿಲ್ಲಿಸಿದ್ದರು.

ಅಂತರಘಟ್ಟಮ್ಮ ಅತ್ತ ಇತ್ತ ನೋಡಿದಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಹೆಂಚಿನ ಬಿಲ್ಲೆ ಎಸೆದು ಒಂದು ಕಾಲೆತ್ತಿ ಕುಂಟಿದಳು. ಎರಡನೆಯ ಮನೆಯಲ್ಲಿ ತೂಗಾಡಿದಳು, ಮೂರನೆಯದರಲ್ಲಿ ಧಪ್ಪನೆ ಕೂತುಬಿಟ್ಟಳು. ಮಕ್ಕಳೆಲ್ಲ ಕೇಕೆ ಹಾಕಿದವು. ಕುಳಿತ ಅಂತರಘಟ್ಟಮ್ಮನ ಬಾಯಿಂದಲೂ ಒಂದು ನಗು ಬಂತು, ಕೆಮ್ಮಿನ ಹಾಗೆ, ಬರಲೋ ಬೇಡವೋ ಎಂದು.

ಬಾಗಿಲ ಬಳಿ ಕುಳಿತಿದ್ದ ಕೊಲ್ಲಾಪುರಿ ಎದ್ದು ನಿಂತಿತ್ತು. ಬಾಯಿ ಅರ್ಧ ತೆರೆದಿತ್ತು. ತನ್ನ ತಾಯಿ ಬೀಳುವುದನ್ನು, ಬಿದ್ದು ನಗುವುದನ್ನು ಅದು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಮಗು ಹೊಸಿಲು ದಾಟಿತು. ಎರಡು ಹೆಜ್ಜೆ, ಮೂರು, ನಾಲ್ಕು. ಅಂಗಳದ ನಡುವಿನವರೆಗೆ ಹೋಗಿ ತಾಯಿಯ ಕೆನ್ನೆಯನ್ನು ಬೆರಳಿನಿಂದ ಒತ್ತಿ ನೋಡಿತು. ಇದು ಅವ್ವನೇ ಹೌದೇ ಎಂದು ಪರೀಕ್ಷಿಸಿದ ಹಾಗಿತ್ತು. ಅಂತರಘಟ್ಟಮ್ಮನಿಗೆ ಅದೇನೆಂದು ತಿಳಿಯಲಿಲ್ಲ. ಮಗುವಿಗೆ ಬಿಲ್ಲೆ ಕೊಟ್ಟು, ಈಗ ನೀನು ಎಸೆ ಎಂದಳು.

ಅದರಾಚೆ ಎಲ್ಲವೂ ಸುಸೂತ್ರವಾಗಿ ಆಯಿತೆಂದೇನಲ್ಲ. ಆ ಮಗು ಮತ್ತೆ ಎಷ್ಟೋ ದಿನ ಮಧ್ಯಾಹ್ನ ಒಂದು ಗಂಟೆಯಾಗುತ್ತಲೇ ಚಡಪಡಿಸುತ್ತಿತ್ತು. ಸಣ್ಣಪ್ಪ ಚನ್ನಗಿರಿಯಿಂದ ಬಂದವನು ಎಲ್ಲ ಕೇಳಿ, ಕೊಟ್ಟಿಗೆಗೆ ಹೋಗಿ, ಅಲ್ಲಿ ಒಬ್ಬನೇ ತುಂಬಾ ಹೊತ್ತು ಕುಳಿತು ಬಂದ. ಸರದಿಯ ವಿಷಯಕ್ಕೆ ಹೆಂಗಸರು ಎರಡು ಸಲ ಮಾತು ಬಿಟ್ಟು, ಎರಡು ಸಲವೂ ಕೂಡಿಕೊಂಡರು. ನಾಲೆಗೆ ಬೇಲಿ ಹಾಕಿಸಲು ಕೊಟ್ರಮ್ಮ ಅರ್ಜಿ ಬರೆದಳು, ಬೇಲಿ ಬರಲಿಲ್ಲ. ಆದರೆ ಮುಂದಿನ ಮೂರು ವರ್ಷ, ಆರು ನಾಟಿಗಳಲ್ಲಿ, ಆ ಕೇರಿಯ ಯಾವ ಮಗುವೂ ನೀರಿಗೆ ಹೋಗಲಿಲ್ಲ. ಯಾವ ಮಗುವನ್ನೂ ಕಟ್ಟಲಿಲ್ಲ. ಈ ಸಲ ಕೊಟ್ರಮ್ಮ ಅದನ್ನು ವರದಿಯಲ್ಲಿ ಬರೆಯುವ ಮೊದಲು ಪ್ರತಿ ಮನೆಯ ಹಿತ್ತಲನ್ನೂ ನೋಡಿ ಬಂದಳು.

1980ರ ಏಪ್ರಿಲಿನಲ್ಲಿ ಕೊಲ್ಲಾಪುರಿಗೆ ಏಳು ತುಂಬಿತ್ತು, ಶಾಲೆಗೆ ಹೋಗುತ್ತಿತ್ತು. ಒಂದು ಬೆಳಿಗ್ಗೆ ಅಂತರಘಟ್ಟಮ್ಮ ಬಂದು, ಏರಿಯ ಹತ್ತಿರ ಬರ್ರಿ ಎಂದಷ್ಟೇ ಹೇಳಿ ಕೊಟ್ರಮ್ಮನನ್ನು ಕರೆದೊಯ್ದಳು. ಹೋಗಿ ನೋಡಿದರೆ, ಗದ್ದೆಗೆ ನೀರು ಬಿಡುವ ಚಿಕ್ಕ ಕಾಲುವೆಯಲ್ಲಿ ಬೆನಕಪ್ಪ ಎದೆಮಟ್ಟದ ನೀರಿನಲ್ಲಿ ನಿಂತಿದ್ದ. ದಡದಲ್ಲಿ ಕೇರಿಯ ಏಳೆಂಟು ಮಕ್ಕಳು ಬಟ್ಟೆ ಕಳಚಿ ಸಾಲಾಗಿ ನಿಂತಿದ್ದವು. ಈಜು ಕಲಿಸು ಎಂದು ಅವನನ್ನು ಕೇಳಿಕೊಂಡವಳು ಅಂತರಘಟ್ಟಮ್ಮ. ತೂಬಿನ ಬಾಯಿಂದ ಮಗನನ್ನು ಎತ್ತಿಕೊಟ್ಟವನ ಕೈಗೆ ಅವಳು ಈಗ ಮಗಳನ್ನು ಕೊಡುವವಳಿದ್ದಳು.

"ಏನು ಮಾಡ್ತಿದ್ದೀಯ ಅಕ್ಕ," ಎಂದು ಕೊಟ್ರಮ್ಮ ಅವಳ ತೋಳು ಹಿಡಿದಳು.

"ನನಗೂ ಹೆದರಿಕೆ ಐತೆ ಟೀಚ್ರಮ್ಮ. ಅದಕ್ಕೇ ನಿಮ್ಮನ್ನ ಕರೆದಿದ್ದು."

ಹಾಗೆಂದು ಅಂತರಘಟ್ಟಮ್ಮ ಸೀರೆಯಲ್ಲೇ ನೀರಿಗಿಳಿದಳು, ಮೊದಲು ಮೊಣಕಾಲು, ಆಮೇಲೆ ಸೊಂಟ. ಅವಳ ಹಲ್ಲು ಕಟಕಟ ಎನ್ನುತ್ತಿದ್ದುದು ದಡಕ್ಕೆ ಕೇಳುತ್ತಿತ್ತು, ನೀರು ತಣ್ಣಗೇನೂ ಇರಲಿಲ್ಲ. ಕೊಲ್ಲಾಪುರಿ ಮೂಗು ಹಿಡಿದುಕೊಂಡು ಹಾರಿತು. ನೀರು ಅದರ ಮೇಲೆ ಮುಚ್ಚಿಕೊಂಡಿತು. ಬೆನಕಪ್ಪನ ಅಂಗೈ ಅದರ ಹೊಟ್ಟೆಯ ಕೆಳಗೆ ಹೋಯಿತು. ತಲೆ ಮೇಲೆ ಬಂತು, ಕೂದಲು ಕಣ್ಣಿಗೆ ಅಂಟಿತ್ತು, ಕೈಕಾಲು ನೀರನ್ನು ಬಡಿಯುತ್ತಿದ್ದವು, ಬಾಯಿ ತುಂಬ ನೀರು ಉಗುಳುತ್ತಾ ಅದು ಜೋರಾಗಿ ಬೈಯುತ್ತಿತ್ತು, ಯಾರನ್ನೆಂದು ತಿಳಿಯಲಿಲ್ಲ.

ಬೆನಕಪ್ಪ ಮೆಲ್ಲಗೆ ಅಂಗೈ ತೆಗೆದ. ಮಗು ಎರಡು ಮಾರು ದೂರ ಹೋಗಿ ತಾಯಿಯ ಕೊರಳು ಹಿಡಿಯಿತು.

ದಡದಲ್ಲಿದ್ದ ಮಕ್ಕಳು ಈಗ ನನ್ನ ಸರದಿ, ನನ್ನ ಸರದಿ ಎಂದು ಕಿತ್ತಾಡತೊಡಗಿದವು. ಅಂತರಘಟ್ಟಮ್ಮ ನೀರಿನಿಂದಲೇ ಕೊಟ್ರಮ್ಮನನ್ನು ಕರೆದಳು, ನೀವೂ ಇಳಿರಿ, ಏನೂ ಆಗಲ್ಲ ಎಂದಳು. ಕೊಟ್ರಮ್ಮ ತಲೆಯಾಡಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಮಕ್ಕಳ ಒಣ ಬಟ್ಟೆಗಳನ್ನೆಲ್ಲ ಮಡಿಲಲ್ಲಿಟ್ಟುಕೊಂಡು ಏರಿಯ ಮೇಲೆ ಕುಳಿತಳು.